ಉಸಿರು ಕಾಯ್ದ ಕೈಗಳು

ಮನುಷ್ಯ ಅನ್ನವಿಲ್ಲದೆ ಕೆಲವು ವಾರ, ನೀರಿಲ್ಲದೆ ಕೆಲವು ದಿನ ಬದುಕಿರಬಲ್ಲ. ಉಸಿರಿಲ್ಲದೆ ಕೆಲವೇ ನಿಮಿಷ. ಆದ್ದರಿಂದಲೇ ಶ್ವಾಸದ ತೊಂದರೆಯಿಂದ ನರಳುವ ರೋಗಿಯ ಆರೈಕೆಯಲ್ಲಿ ಮೊದಲು ಯಾವುದು, ಆಮೇಲೆ ಯಾವುದು ಎಂಬ ಕ್ರಮಕ್ಕೆ ಬಹಳ ಬೆಲೆ. ಈ ಕ್ರಮವನ್ನು ಇಂದು ದಾದಿಯರ ತರಬೇತಿಯ ಮೊದಲ ಪಾಠಗಳಲ್ಲೇ ಹೇಳಿಕೊಡುತ್ತಾರೆ. ಅದರ ಮಹತ್ವ ವೈದ್ಯಲೋಕಕ್ಕೆ ಮನದಟ್ಟಾದ ಒಂದು ಪ್ರಸಂಗವನ್ನು ಇಲ್ಲಿ ನೆನೆಯೋಣ.

1952ರ ಬೇಸಿಗೆಯಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ನಗರಕ್ಕೆ ಪೋಲಿಯೊ ಪಿಡುಗು ಬಡಿಯಿತು. ಸಾಂಕ್ರಾಮಿಕ ರೋಗಗಳಿಗೆಂದೇ ಇದ್ದ ಬ್ಲೆಗ್ಡಾಮ್ ಆಸ್ಪತ್ರೆಗೆ ಒಂದು ಹಂತದಲ್ಲಿ ದಿನವೊಂದಕ್ಕೆ 50 ರೋಗಿಗಳವರೆಗೆ ಬರತೊಡಗಿದರು. ಅವರಲ್ಲಿ ಮಕ್ಕಳೇ ಹೆಚ್ಚು. ಹಲವರಿಗೆ ಎದೆಯ ಸ್ನಾಯುಗಳ ಜೊತೆಗೆ ಗಂಟಲಿನ ಸ್ನಾಯುಗಳೂ ನಿಶ್ಚೇಷ್ಟವಾಗಿದ್ದವು. ನುಂಗಲಾಗದ ಜೊಲ್ಲು, ಕೆಮ್ಮಿ ಹೊರಹಾಕಲಾಗದ ಕಫ ಎರಡೂ ಶ್ವಾಸನಾಳದಲ್ಲೇ ನಿಲ್ಲುತ್ತಿದ್ದವು.

ಆಗಿನ ಕಾಲದ ದೊಡ್ಡ ಆಸರೆಯೆಂದರೆ 'ಕಬ್ಬಿಣದ ಶ್ವಾಸಕೋಶ'. ರೋಗಿಯ ತಲೆಯನ್ನು ಹೊರಗೆ ಬಿಟ್ಟು ದೇಹವನ್ನೆಲ್ಲ ಒಳಗಿರಿಸಿ, ಗಾಳಿಯ ಒತ್ತಡವನ್ನು ಏರಿಳಿಸಿ ಎದೆಯನ್ನು ಹಿಗ್ಗಿಸುವ ಪೆಟ್ಟಿಗೆ ಅದು. ಬ್ಲೆಗ್ಡಾಮ್‌ನಲ್ಲಿ ಇದ್ದದ್ದು ಒಂದೇ ಒಂದು. ಎದೆಗೆ ಕವಚದಂತೆ ತೊಡಿಸುವ ಚಿಕ್ಕ ಯಂತ್ರಗಳು ಆರು. ಮೊದಲ ಮೂರು ವಾರಗಳಲ್ಲಿ ಈ ಯಂತ್ರಗಳ ನೆರವು ಪಡೆದ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು.

ಮುಖ್ಯ ವೈದ್ಯ ಲಾಸೆನ್ ಅವರು ಅರಿವಳಿಕೆ ತಜ್ಞ ಬಿಯಾರ್ನ್ ಇಬ್ಸೆನ್ ಅವರ ಸಲಹೆ ಕೇಳಿದರು. ಸಾಯುವ ಮುನ್ನ ಈ ರೋಗಿಗಳ ಮೈ ಬೆವರುತ್ತಿತ್ತು, ರಕ್ತದೊತ್ತಡ ಏರುತ್ತಿತ್ತು. ರೋಗಾಣು ಮಿದುಳಿಗೇ ಏರಿದೆ, ಇನ್ನೇನೂ ಮಾಡುವಂತಿಲ್ಲ ಎಂದು ಭಾವಿಸಲಾಗಿತ್ತು. ಇಬ್ಸೆನ್ ಅವರಿಗೆ ಬೇರೆಯೇ ಕಾರಣ ಕಂಡಿತು. ಆಮ್ಲಜನಕ ಕೊಟ್ಟಾಗ ರೋಗಿಯ ತುಟಿ ಕೆಂಪಾಗಿಯೇ ಉಳಿಯಬಹುದು. ಆದರೆ ಉಸಿರಾಟ ಸಾಲದೆ ಹೋದರೆ ಇಂಗಾಲದ ಡೈಆಕ್ಸೈಡ್ ಹೊರಹೋಗದೆ ರಕ್ತದಲ್ಲಿ ಶೇಖರವಾಗುತ್ತದೆ. ಬೆವರು, ಏರಿದ ರಕ್ತದೊತ್ತಡ ಅದರ ಗುರುತುಗಳು ಎಂದರು.

ಆಗಸ್ಟ್ 27ರಂದು ಉಸಿರಿಗೆ ಒದ್ದಾಡುತ್ತಿದ್ದ 12 ವರ್ಷದ ಬಾಲಕಿಯೊಬ್ಬಳ ಕುತ್ತಿಗೆಯಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ಕೊಳವೆ ಇಳಿಸಿದರು. ಕೊಳವೆಗೆ ರಬ್ಬರಿನ ಚೀಲ ಜೋಡಿಸಿ ಇಬ್ಸೆನ್ ಕೈಯಿಂದಲೇ ಗಾಳಿ ತುಂಬಲು ತೊಡಗಿದರು. ಹುಡುಗಿ ಗಾಬರಿಯಿಂದ ಸೆಣಸಿದಳು, ಗಾಳಿ ಒಳಹೋಗಲಿಲ್ಲ. ಮಂಪರು ಔಷಧಿ ಕೊಟ್ಟಾಗ ಆಕೆಯ ಸೆಣಸಾಟ ನಿಂತಿತು, ಎದೆ ಏರಿಳಿಯತೊಡಗಿತು. ಆ ಮಗು ಬದುಕಿತು.

ಆದರೆ ಚೀಲವನ್ನು ಒತ್ತುತ್ತಲೇ ಇರುವವರು ಯಾರು? ವೈದ್ಯ ವಿದ್ಯಾರ್ಥಿಗಳು ಮುಂದೆ ಬಂದರು. ಸುಮಾರು 1500 ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಕುಳಿತು, ಒಟ್ಟು 1,65,000 ಗಂಟೆಗಳ ಕಾಲ ಪರರ ಉಸಿರನ್ನು ತಮ್ಮ ಕೈಯಲ್ಲಿ ನಡೆಸಿದರು. ಒಮ್ಮೊಮ್ಮೆ ಏಕಕಾಲಕ್ಕೆ 70 ರೋಗಿಗಳಿಗೆ ಹೀಗೆ ಗಾಳಿ ಒತ್ತಬೇಕಾಗಿತ್ತು.

ಈ ಕಥೆಯಲ್ಲಿ ವಿದ್ಯಾರ್ಥಿಗಳ ಹೆಸರು ಎದ್ದು ಕಾಣುತ್ತದೆ. ದಾದಿಯರ ಪಾಲು ಅದಕ್ಕಿಂತ ಕಡಿಮೆಯದಲ್ಲ. ಕೊಳವೆಯಲ್ಲಿ ಕಫ ಕಟ್ಟಿಕೊಂಡರೆ ಎಷ್ಟು ಒತ್ತಿದರೂ ಗಾಳಿ ಒಳಸೇರದು. ಆದ್ದರಿಂದ ಕಫ ಹೀರಿ ತೆಗೆದು ದಾರಿ ತೆರೆದಿಡುವುದು ಮೊದಲ ಕೆಲಸ. ಎದೆ ಎರಡೂ ಕಡೆ ಸಮನಾಗಿ ಏಳುತ್ತಿದೆಯೇ ಎಂದು ನೋಡುವುದು ಎರಡನೆಯದು. ಬೆವರು, ನಾಡಿ, ರಕ್ತದೊತ್ತಡ, ಚಡಪಡಿಕೆಗಳನ್ನು ಗಮನಿಸಿ ವೈದ್ಯರಿಗೆ ತಿಳಿಸುವುದು ಮೂರನೆಯದು. ಶ್ವಾಸಕೋಶದ ಒಂದೇ ಭಾಗದಲ್ಲಿ ಕಫ ನಿಲ್ಲದಂತೆ, ಮೈಯಲ್ಲಿ ಹಾಸಿಗೆ ಹುಣ್ಣು ಏಳದಂತೆ ಮಗ್ಗುಲು ಬದಲಿಸಬೇಕು. ಒಳಹೋಗುವ ಗಾಳಿಯಲ್ಲಿ ತೇವವಿರಬೇಕು. ನಳಿಕೆಯ ಮೂಲಕ ಆಹಾರ ಕೊಡಬೇಕು. ಇಷ್ಟೆಲ್ಲದರ ನಡುವೆ ಇನ್ನೊಂದು ಮಾತು. ಕುತ್ತಿಗೆಗೆ ಕೊಳವೆ ಹಾಕಿದವರಿಗೆ ದನಿ ಹೊರಡದು. ಎಚ್ಚರವಿದ್ದೂ ಮಾತಾಡಲಾಗದ ಮಗುವಿನ ಕಣ್ಣು, ತುಟಿಗಳ ಸನ್ನೆಯನ್ನು ಓದಿ ಅದರ ಭಯ ಕಳೆಯುವುದೂ ಆರೈಕೆಯೇ. ಭಯಗೊಂಡ ಶರೀರ ಉಸಿರಿನೊಡನೆ ಹೋರಾಡುತ್ತದೆ ಎಂಬುದನ್ನು ಮೊದಲ ದಿನದ ಆ ಬಾಲಕಿಯೇ ತೋರಿಸಿಕೊಟ್ಟಿದ್ದಳು.

ಪಿಡುಗು ಮುಗಿಯುವ ಹೊತ್ತಿಗೆ ಉಸಿರಾಟ ಕೆಟ್ಟವರಲ್ಲಿ ಸಾವಿನ ಪ್ರಮಾಣ ಮೊದಲಿದ್ದುದರ ಅರ್ಧಕ್ಕಿಂತಲೂ ಕೆಳಗಿಳಿದಿತ್ತು. ಒಂದು ಪಾಠವೂ ಉಳಿಯಿತು: ಇಂಥ ರೋಗಿಗಳನ್ನು ಒಂದೆಡೆ ಸೇರಿಸಿ, ಕ್ಷಣ ಬಿಡದೆ ಕಾಯುವವರನ್ನು ಅವರ ಬಳಿ ನಿಲ್ಲಿಸಬೇಕು. 1953ರ ಡಿಸೆಂಬರಿನಲ್ಲಿ ಇಬ್ಸೆನ್ ಅವರು ಅದೇ ನಗರದ ಕಮ್ಯೂನ್ ಆಸ್ಪತ್ರೆಯಲ್ಲಿ ಅಂಥದೊಂದು ವಿಭಾಗ ತೆರೆದರು. ಇಂದಿನ ತೀವ್ರ ನಿಗಾ ಘಟಕಗಳ ಮೂಲವನ್ನು ಹಲವರು ಅಲ್ಲಿ ಗುರುತಿಸುತ್ತಾರೆ.

ಈಗ ಚೀಲ ಒತ್ತುವ ಕೆಲಸವನ್ನು ವೆಂಟಿಲೇಟರ್ ಮಾಡುತ್ತದೆ. ಬೆರಳಿಗೆ ಸಿಕ್ಕಿಸುವ ಪುಟ್ಟ ಆಕ್ಸಿಮೀಟರ್ 2020ರ ಕೋವಿಡ್ ಕಾಲದಿಂದೀಚೆಗೆ ಎಷ್ಟೋ ಮನೆಗಳಿಗೂ ಬಂದಿದೆ. ಅದು ತೋರಿಸುವುದು ರಕ್ತದ ಆಮ್ಲಜನಕವನ್ನು. ಇಂಗಾಲದ ಡೈಆಕ್ಸೈಡ್ ಏರಿದ್ದನ್ನು ಅದು ಹೇಳಲಾರದು. ಅಂಕಿ ಚೆನ್ನಾಗಿದ್ದೂ ರೋಗಿ ಬೆವರುತ್ತಿದ್ದರೆ, ಮಂಕಾಗುತ್ತಿದ್ದರೆ, ಒಂದು ವಾಕ್ಯವನ್ನೂ ಪೂರ್ತಿ ಆಡಲಾರದಿದ್ದರೆ ತಡಮಾಡದೆ ವೈದ್ಯರನ್ನು ಕರೆಯಬೇಕು. ಅಂಕಿ ನೋಡುವ ಮೊದಲು ರೋಗಿಯ ಮುಖ ನೋಡಿ ಎಂದು ಅನುಭವಿ ದಾದಿಯರು ಹೇಳುವುದು ಇದಕ್ಕಾಗಿಯೇ.