ಪರದೆಯಲ್ಲಿ ಕಂಡವರು, ಕಾಗದದಲ್ಲಿ ಕಾಣದವರು

2009ರ ಗಣೇಶೋತ್ಸವದಲ್ಲಿ ನಮ್ಮ ಸಂಘದ ಯುವ ವಿಭಾಗದವರು ಒಂದು ಪ್ರಹಸನ ಮಾಡಿದ್ದೆವು. ಹಿಂದಿನ ವರ್ಷವಷ್ಟೇ ಬಂದಿದ್ದ 'ದೋಸ್ತಾನಾ' ಚಿತ್ರದ ಅನುಕರಣೆ. ಬಾಡಿಗೆ ಮನೆ ಸಿಗಲೆಂದು ಇಬ್ಬರು ಹುಡುಗರು ತಾವು ಜೋಡಿ ಎಂದು ಸುಳ್ಳು ಹೇಳುವ ಕಥೆ. ಆರತಿ ತಟ್ಟೆ ಹಿಡಿದು 'ಸೊಸೆ'ಯನ್ನು ಮನೆ ತುಂಬಿಸಿಕೊಳ್ಳುವ ತಾಯಿಯ ಪಾತ್ರ ನನ್ನದು. ಸಭಾಂಗಣವೆಲ್ಲ ನಕ್ಕು ನಕ್ಕು ಸುಸ್ತಾಯಿತು.

ಒಂಬತ್ತು ವರ್ಷಗಳ ನಂತರ, 2018ರ ಸೆಪ್ಟೆಂಬರ್ 6ರ ಸಂಜೆ, ಅಂದು ಪರದೆಯ ಹಿಂದೆ ನಿಂತು ನಮಗೆಲ್ಲ ಮಾತು ಹೇಳಿಕೊಡುತ್ತಿದ್ದ ಗೆಳತಿ ಫೋನ್ ಮಾಡಿದಳು. ಸುಪ್ರೀಂ ಕೋರ್ಟ್ ತೀರ್ಪು ಬಂದ ದಿನ. "ನಾನೂ ಅಂಥವಳೇ ಕಣೇ. ಅವತ್ತು ನಾನೂ ಜೋರಾಗಿ ನಕ್ಕಿದ್ದೆ, ನಗದಿದ್ರೆ ಯಾರಿಗಾದ್ರೂ ಗೊತ್ತಾಗಿಬಿಡುತ್ತೆ ಅಂತ" ಅಂದಳು. ಅವಳ ಒಪ್ಪಿಗೆ ಪಡೆದೇ, ಹೆಸರು ಹೇಳದೆ, ಇದನ್ನು ಬರೆಯುತ್ತಿದ್ದೇನೆ. ಆ ದಿನದಿಂದ ಈ ಇತಿಹಾಸವನ್ನು ಹುಡುಕಿ ಓದುವ ಅಭ್ಯಾಸವಾಯಿತು.

ಮಹಾರಾಷ್ಟ್ರದಲ್ಲಿರುವ ನಮಗೆ ಈ ಕಥೆ ಮರಾಠಿ ರಂಗಭೂಮಿಯಿಂದಲೇ ಶುರುವಾಗುತ್ತದೆ. ವಿಜಯ್ ತೆಂಡೂಲ್ಕರ್ ಅವರ 'ಮಿತ್ರಾಚಿ ಗೋಷ್ಟ' ನಾಟಕ 1981ರಲ್ಲಿ ರಂಗಕ್ಕೆ ಬಂತು. ಇನ್ನೊಬ್ಬ ಹೆಣ್ಣನ್ನು ಪ್ರೀತಿಸುವ ಮಿತ್ರಾಳ ಪಾತ್ರವನ್ನು ರೋಹಿಣಿ ಹಟ್ಟಂಗಡಿ ಮಾಡಿದ್ದರು. ಮರುವರ್ಷ ಜಬ್ಬಾರ್ ಪಟೇಲ್ ಅವರ 'ಉಂಬರಠಾ' ಚಿತ್ರದಲ್ಲಿ, ಸ್ಮಿತಾ ಪಾಟೀಲ್ ನಡೆಸುವ ಮಹಿಳಾಶ್ರಮದೊಳಗೆ ಅಂಥ ಇಬ್ಬರು ಹೆಂಗಸರು ಕಾಣಿಸಿಕೊಂಡರು.

ನಿಜಜೀವನದಲ್ಲಿ ಈ ವಿಷಯ ದೇಶದ ಪತ್ರಿಕೆಗಳಿಗೆ ಬಂದದ್ದು 1987ರ ಕೊನೆಯಲ್ಲಿ ನಡೆದ ಒಂದು ಮದುವೆಯಿಂದ. ಮಧ್ಯಪ್ರದೇಶದ ಇಬ್ಬರು ಮಹಿಳಾ ಪೊಲೀಸ್ ಕಾನ್‌ಸ್ಟೇಬಲ್‌ಗಳು ಗಾಂಧರ್ವ ರೀತಿಯಲ್ಲಿ ಮದುವೆಯಾದರು. ವಿಷಯ ಗೊತ್ತಾದ ಮೇಲೆ ಇಬ್ಬರನ್ನೂ ಕೆಲಸದಿಂದ ತೆಗೆದುಹಾಕಲಾಯಿತು. ಈ ಇಬ್ಬರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತಾರೆ.

ಆಮೇಲೆ ಬಂತು ದೀಪಾ ಮೆಹ್ತಾ ಅವರ 'ಫೈರ್'. 1996ರ ಚಿತ್ರ, ನಮ್ಮ ದೇಶದಲ್ಲಿ ತೆರೆಕಂಡದ್ದು 1998ರ ನವೆಂಬರ್‌ನಲ್ಲಿ. ಒಂದೇ ಮನೆಯ ಇಬ್ಬರು ಸೊಸೆಯರು, ಗಂಡಂದಿರ ಉಪೇಕ್ಷೆಯ ನಡುವೆ ಪರಸ್ಪರ ಹತ್ತಿರವಾಗುವ ಕಥೆ. ಶಬಾನಾ ಆಜ್ಮಿ ಮತ್ತು ನಂದಿತಾ ದಾಸ್ ನಟಿಸಿದ್ದರು. ಡಿಸೆಂಬರ್ ಮೊದಲ ವಾರದಲ್ಲಿ ಶಿವಸೇನೆಯ ಕಾರ್ಯಕರ್ತರು ಮುಂಬೈ, ದೆಹಲಿಯ ಚಿತ್ರಮಂದಿರಗಳಿಗೆ ನುಗ್ಗಿ ಪ್ರದರ್ಶನ ನಿಲ್ಲಿಸಿದರು. ಅವರಲ್ಲಿ ಹೆಂಗಸರೂ ಇದ್ದರು. ಕೆಲವೇ ದಿನಗಳಲ್ಲಿ ದೆಹಲಿಯ ರೀಗಲ್ ಚಿತ್ರಮಂದಿರದ ಎದುರು ಮೇಣದ ಬತ್ತಿ ಹಿಡಿದು ನಿಂತವರಲ್ಲೂ ಹೆಂಗಸರೇ ಹೆಚ್ಚು ಗಮನ ಸೆಳೆದರು. ತಾವು ಭಾರತೀಯರೂ ಹೌದು, ಲೆಸ್ಬಿಯನ್ನರೂ ಹೌದು ಎಂಬ ಫಲಕ ಹಿಡಿದು ಅವರು ಬಹಿರಂಗವಾಗಿ ನಿಂತಿದ್ದರು. ಚಿತ್ರವನ್ನು ಮತ್ತೆ ಸೆನ್ಸಾರ್ ಮಂಡಳಿಗೆ ಕಳಿಸಿದರೂ 1999ರ ಫೆಬ್ರುವರಿಯಲ್ಲಿ ಕತ್ತರಿ ಬೀಳದೆ ಮರಳಿ ಬಂತು.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಪರದೆಯೂ ನ್ಯಾಯಾಲಯವೂ ಜೊತೆಜೊತೆಗೇ ಹೆಜ್ಜೆ ಹಾಕಿದವು, ಕೆಲವೊಮ್ಮೆ ಹಿಂದಕ್ಕೂ. ಬ್ರಿಟಿಷರು 1860ರಲ್ಲಿ ಮಾಡಿದ ದಂಡ ಸಂಹಿತೆಯ 377ನೇ ಕಲಂ, ಒಪ್ಪಿಗೆಯ ಸಲಿಂಗ ಸಂಬಂಧವನ್ನೂ ಅಪರಾಧವಾಗಿಸಿತ್ತು. 2009ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಸಡಿಲಿಸಿತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಅದೇ 2013ರಲ್ಲಿ ಕನ್ನಡದಲ್ಲಿ ವಸುಧೇಂದ್ರ ಅವರ 'ಮೋಹನಸ್ವಾಮಿ' ಕಥಾಸಂಕಲನ ಬಂತು. ನಮ್ಮ ಹಾಗೇ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದ ಲೇಖಕರು ತಾವು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡು, ಆ ಬದುಕಿನ ನೋವನ್ನು ಮನೆಮಾತಿನ ಕನ್ನಡದಲ್ಲೇ ಬರೆದರು. ಕೊನೆಗೆ 2018ರಲ್ಲಿ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಆ ಅಪರಾಧದ ಪಟ್ಟಿಯನ್ನು ಕಿತ್ತುಹಾಕಿದರು. ಪೀಠದ ಏಕೈಕ ಮಹಿಳೆ ಇಂದು ಮಲ್ಹೋತ್ರಾ, ಇಷ್ಟು ಕಾಲ ತಡವಾದದ್ದಕ್ಕೆ ಇತಿಹಾಸವೇ ಇವರ ಕ್ಷಮೆ ಕೇಳಬೇಕು ಎಂಬರ್ಥದ ಮಾತು ಬರೆದರು.

ಸಿನಿಮಾವೂ ಬದಲಾಯಿತು. 2019ರ 'ಏಕ್ ಲಡ್ಕಿ ಕೋ ದೇಖಾ ತೋ ಐಸಾ ಲಗಾ'ದಲ್ಲಿ ಮಗಳನ್ನು ಅರ್ಥ ಮಾಡಿಕೊಳ್ಳಲು ಒದ್ದಾಡುವ ಅಪ್ಪನಿದ್ದ. 2022ರ 'ಬಧಾಯಿ ದೋ'ದಲ್ಲಿ ಮನೆಯವರ ಕಾಟ ತಪ್ಪಿಸಿಕೊಳ್ಳಲು ಒಬ್ಬ ಗೇ ಪೊಲೀಸ್, ಒಬ್ಬಳು ಲೆಸ್ಬಿಯನ್ ಶಿಕ್ಷಕಿ ಪರಸ್ಪರ ಮದುವೆಯಾದರು. 2023ರಲ್ಲಿ ಮಮ್ಮುಟ್ಟಿಯವರಂಥ ತಾರೆ ಮಲಯಾಳದ 'ಕಾತಲ್'ನಲ್ಲಿ ವಿವಾಹಿತ ಸಲಿಂಗಿಯ ಪಾತ್ರ ಮಾಡಿದರು. ಅಲ್ಲಿ ವಿಚ್ಛೇದನ ಕೇಳುವವಳು ಹೆಂಡತಿ. ಒತ್ತಾಯದ ಮದುವೆ ಇಬ್ಬರ ಬದುಕನ್ನು ಕೆಡಿಸುತ್ತದೆ ಎಂಬ ಮಾತು ನಮ್ಮ ಮಹಿಳಾ ವೇದಿಕೆಗೆ ಹೊಸದೇನಲ್ಲ.

ಅದೇ ವರ್ಷ ಮದುವೆಯ ಪ್ರಶ್ನೆಯೂ ಸುಪ್ರೀಂ ಕೋರ್ಟಿಗೆ ಬಂದಿತ್ತು. ಹೈದರಾಬಾದಿನ ಒಂದು ಜೋಡಿಯ ಅರ್ಜಿಯೇ ಮುಖ್ಯ ಮೊಕದ್ದಮೆ. ಭಾಷೆ, ಜಾತಿ, ಧರ್ಮ ಮೀರಿ ಮದುವೆಯಾದ ನಮ್ಮ ಸಂಘದ ಹಲವರಿಗೆ ನೆರವಾದ 1954ರ ವಿಶೇಷ ವಿವಾಹ ಕಾಯ್ದೆಯಡಿ ತಮಗೂ ಅವಕಾಶ ಕೊಡಿ ಎಂದು ಅವರು ಕೇಳಿದ್ದರು. ಏಪ್ರಿಲ್ 18ರಿಂದ ಹತ್ತು ದಿನ ವಾದ ನಡೆಯಿತು. ಆಫೀಸ್ ಕೆಲಸದ ಪಕ್ಕದಲ್ಲೇ ನೇರ ಪ್ರಸಾರ ಇಟ್ಟುಕೊಂಡು ಕೇಳಿದವರಲ್ಲಿ ನಾನೂ ಒಬ್ಬಳು. ಇದು ನಗರದ ಗಣ್ಯರ ಬೇಡಿಕೆ ಎಂದು ಕೇಂದ್ರ ಸರ್ಕಾರ ವಾದಿಸಿದಾಗ ನನಗೆ ನೆನಪಾದದ್ದು 1987ರ ಆ ಇಬ್ಬರು ಕಾನ್‌ಸ್ಟೇಬಲ್‌ಗಳು.

ಅಕ್ಟೋಬರ್ 17ರಂದು ತೀರ್ಪು ಬಂತು. ಮದುವೆ ಮೂಲಭೂತ ಹಕ್ಕಲ್ಲ, ಕಾಯ್ದೆ ಬದಲಿಸುವುದು ಸಂಸತ್ತಿನ ಕೆಲಸ ಎಂಬುದರಲ್ಲಿ ಐವರೂ ಒಂದಾದರು. ಮದುವೆಯಲ್ಲದಿದ್ದರೂ ಸಂಬಂಧಕ್ಕೆ ಮಾನ್ಯತೆ ಕೊಡಬೇಕೆಂಬುದು 3-2ರಲ್ಲಿ ಸೋತಿತು. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ವಜಾ ಆದವು. ಅದೇ ತಿಂಗಳು ಥಾಯ್ಲೆಂಡ್‌ನಲ್ಲಿ ಸಲಿಂಗ ವಿವಾಹ ಕಾನೂನು ಜಾರಿಗೆ ಬಂತು. ತೈವಾನ್ 2019ರಲ್ಲೇ ಒಪ್ಪಿಕೊಂಡಿತ್ತು.

"ಮದುವೆಯೇ ಯಾಕೆ ಬೇಕು?" ಎಂದು ಹಿರಿಯರೂ ಕೇಳುತ್ತಾರೆ, ಕೆಲವು ಸ್ತ್ರೀವಾದಿಗಳೂ ಕೇಳುತ್ತಾರೆ. ನನ್ನ ಗೆಳತಿಯ ಉತ್ತರ ಸರಳ. ಅವಳ ಸಂಗಾತಿಗೆ ತುರ್ತು ಶಸ್ತ್ರಚಿಕಿತ್ಸೆ ಆಗಬೇಕಿದ್ದಾಗ ಆಸ್ಪತ್ರೆಯವರು ಕೇಳಿದ್ದು ಗಂಡನ ಅಥವಾ ರಕ್ತಸಂಬಂಧಿಯ ಸಹಿ. ಎಂಟು ವರ್ಷ ಒಂದೇ ಮನೆಯಲ್ಲಿ ಬಾಳಿದವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ವರ್ಷಗಳಿಂದ ಮಾತು ಬಿಟ್ಟಿದ್ದ ಅಣ್ಣ ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹಿಡಿದು ಬಂದು ಸಹಿ ಹಾಕಿದ. ಸಿನಿಮಾದಲ್ಲಿ ಎಷ್ಟೇ ಕಂಡರೂ ಆ ಕಾಗದದಲ್ಲಿ ಅವಳಿಗೆ ಜಾಗವಿರಲಿಲ್ಲ.

ಸ್ವಲ್ಪ ಬದಲಾವಣೆ ಆಗಿದೆ. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಪಡಿತರ ಚೀಟಿಯಲ್ಲಿ ಒಂದೇ ಮನೆಯವರೆಂದು ಪರಿಗಣಿಸಲೂ ಸೂಚನೆ ಹೋಗಿದೆ.

ಸಂಸತ್ತಿನ ಕೆಲಸ ಸಂಸತ್ತಿಗಿರಲಿ. ನಮ್ಮ ಸಂಘದ ಕುಟುಂಬ ಸದಸ್ಯತ್ವದ ಅರ್ಜಿಯಲ್ಲಿ 'ಪತಿ/ಪತ್ನಿಯ ಹೆಸರು' ಎಂಬ ಒಂದು ಸಾಲಿದೆ. ಅದನ್ನು 'ಪತಿ/ಪತ್ನಿ/ಸಂಗಾತಿ' ಎಂದು ಮಾಡಲು ಯಾವ ತೀರ್ಪೂ ಬೇಕಿಲ್ಲ, ಮುಂದಿನ ವಾರ್ಷಿಕ ಸಭೆಯಲ್ಲಿ ಒಂದು ನಿರ್ಣಯ ಸಾಕು. ಆ ನಿರ್ಣಯವನ್ನು ನಾನು ಮಂಡಿಸುತ್ತೇನೆ. ಅನುಮೋದಿಸಲು ಒಬ್ಬರು ಬೇಕು. 2009ರಲ್ಲಿ ನನ್ನ ಆರತಿ ತಟ್ಟೆಗೆ ಚಪ್ಪಾಳೆ ಹೊಡೆದ ಅಕ್ಕಂದಿರಲ್ಲಿ ಯಾರಾದರೂ ಕೈ ಎತ್ತುವಿರಾ?