ಬೆಂಗಳೂರಿನ ಪೇಟೆಯೂ ತಿಗಳರ ನೆರೆಹೊರೆಯೂ

1537ರಲ್ಲಿ ಕೆಂಪೇಗೌಡನು ಕಟ್ಟಿಸಿದನೆಂದು ಪ್ರತೀತಿಯಿರುವ ಬೆಂಗಳೂರು ಪೇಟೆಯಲ್ಲಿ ವೃತ್ತಿಯೇ ನೆರೆಹೊರೆಗೆ ಆಧಾರವಾಗಿದ್ದಿತು. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ತಿಗಳರಪೇಟೆ ಮುಂತಾದ ಹೆಸರುಗಳೇ ಇದಕ್ಕೆ ಸಾಕ್ಷಿ. 1898ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ಬೆಳೆದು, ಅನುಕೂಲಸ್ಥರನೇಕರು ಪೇಟೆಯನ್ನು ತೊರೆದರು. ಅವರದು ಇಚ್ಛೆಯ ವಲಸೆ.

ತೋಟಗಾರರಾದ ತಿಗಳರ ಸಂಗತಿ ಬೇರೆ. ಅವರ ಬಾಳು ಕೆರೆಯ ನೀರನ್ನು ನಂಬಿದ್ದಿತು. ಇಪ್ಪತ್ತನೆಯ ಶತಮಾನದಲ್ಲಿ ಸಂಪಂಗಿ ಕೆರೆಯ ಬಹುಭಾಗವು ಕಂಠೀರವ ಕ್ರೀಡಾಂಗಣವಾಯಿತು; ಧರ್ಮಾಂಬುಧಿಯ ಅಂಗಳವು ಬಸ್ಸುಗಳ ನಿಲ್ದಾಣವಾಯಿತು. 1945ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿಯೂ, 1976ರಲ್ಲಿ ಅದರ ಸ್ಥಾನಕ್ಕೆ ಬಂದ ಅಭಿವೃದ್ಧಿ ಪ್ರಾಧಿಕಾರವೂ ಬಡಾವಣೆಗಳನ್ನು ರಚಿಸಿದಂತೆಲ್ಲ ತೋಟದ ನೆಲವು ನಿವೇಶನಗಳಾಗಿ ಮಾರ್ಪಟ್ಟಿತು. ಕೆರೆಯೊಡನೆ ತೋಟವೂ, ತೋಟದೊಡನೆ ವೃತ್ತಿಯೂ, ವೃತ್ತಿಯೊಡನೆ ನೆರೆಯೂ ಸಡಿಲಿದವು.

ಆದರೂ ಚೈತ್ರ ಪೂರ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಕರಗವು ಹೊರಡುವಾಗ, ಚದುರಿದ ಕುಲವು ಒಂದುಗೂಡುತ್ತದೆ. ಕರಗವು ಪೇಟೆಯ ಗುಡಿಗಳನ್ನಲ್ಲದೆ ತವಕ್ಕಲ್ ಮಸ್ತಾನರ ದರ್ಗಾವನ್ನೂ ಸಂದರ್ಶಿಸುತ್ತದೆ. ಹಳೆಯ ನೆರೆಹೊರೆಯ ಎಲ್ಲೆಯನ್ನು ಈ ಮಾರ್ಗವು ಇಂದಿಗೂ ಗುರುತಿಸುತ್ತದೆ. ಆದರೆ ವರ್ಷಕ್ಕೊಮ್ಮೆ ಕೂಡುವುದು ನಿತ್ಯದ ಕೊಡುಕೊಳ್ಳುವಿಕೆಗೆ ಸಮನಾಗದು. ನಗರದ ಬೆಳವಣಿಗೆಯನ್ನು ಬಡಾವಣೆಗಳ ಸಂಖ್ಯೆಯಿಂದ ಮಾತ್ರ ಅಳೆಯುವ ಇತಿಹಾಸವು ಈ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಪೂರ್ಣವಾಗಲಾರದು.