ಮಾತಿನ ಗುರಾಣಿ ಯಾರಿಗೆ?

1969ರ ಮಾರ್ಚ್ ತಿಂಗಳಲ್ಲಿ ಪಟ್ನಾದಲ್ಲಿ ವಿಶ್ವ ಹಿಂದೂ ಧರ್ಮ ಸಮ್ಮೇಳನ ಸೇರಿತ್ತು. ಅಸ್ಪೃಶ್ಯತೆ ಹಿಂದೂ ಧರ್ಮಕ್ಕೆ ಒಪ್ಪುವಂಥದ್ದೇ, ಯಾವ ಕಾನೂನೂ ಅದಕ್ಕೆ ಅಡ್ಡ ಬರಲಾರದು ಅಂತ ಪುರಿಯ ಶಂಕರಾಚಾರ್ಯರು ಅಲ್ಲಿ ಹೇಳಿದರೆಂದು ವರದಿಯಾಯಿತು. ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನ ಜಾರಿಗೆ ಬಂದು ಆಗಲೇ 19 ವರ್ಷ ಕಳೆದಿತ್ತು.

ಏಪ್ರಿಲ್ 2ರಂದು ಲೋಕಸಭೆಯಲ್ಲಿ ಈ ಪ್ರಶ್ನೆ ಎದ್ದಿತು. ಸದಸ್ಯರು ಶಂಕರಾಚಾರ್ಯರನ್ನು ಕಟುವಾಗಿ ಖಂಡಿಸಿದರು. ಭಕ್ತರು ಸುಮ್ಮನೆ ಕೂರಲಿಲ್ಲ. ಗುರುಗಳ ಮಾನ ಹೋಯಿತು, 26,000 ರೂಪಾಯಿ ಪರಿಹಾರ ಕೊಡಿಸಿ ಅಂತ ದೆಹಲಿ ಹೈಕೋರ್ಟಿಗೆ ಹೋದರು. ಸ್ಪೀಕರ್ ಆಗಿದ್ದ ಸಂಜೀವ ರೆಡ್ಡಿ, ಗೃಹಮಂತ್ರಿ ಚವಾಣ್ ಮತ್ತು ಮೂವರು ಸಂಸದರು ಪ್ರತಿವಾದಿಗಳು.

ನೋಡಿ, ಯಾರ ಮಾನ! ಮುಟ್ಟಿದರೆ ಮೈಲಿಗೆ ಅನ್ನಿಸಿಕೊಂಡ ಕೇರಿಯ ಜನರ ಮಾನಕ್ಕೆ ಎಷ್ಟು ರೂಪಾಯಿ?

ಹೈಕೋರ್ಟು ದಾವೆಯನ್ನು ತಳ್ಳಿಹಾಕಿತು. 1970ರ ಮೇ 8ರಂದು ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಂವಿಧಾನದ 105ನೇ ವಿಧಿಯಂತೆ ಪಾರ್ಲಿಮೆಂಟಿನಲ್ಲಿ ಆಡಿದ ಯಾವ ಮಾತಿಗೂ, ಹಾಕಿದ ಯಾವ ಮತಕ್ಕೂ ಸದಸ್ಯರನ್ನು ಕೋರ್ಟಿಗೆ ಎಳೆಯುವಂತಿಲ್ಲ. ಶಾಸಕರಿಗೆ ಇದೇ ರಕ್ಷಣೆ 194ನೇ ವಿಧಿಯಲ್ಲಿದೆ. ಈ ಗುರಾಣಿ ಇಲ್ಲದಿದ್ದರೆ ಹಣವಿದ್ದ ಮಠ, ಜಮೀನಿದ್ದ ಧಣಿ ಮಾತಿಗೊಂದು ದಾವೆ ಹೂಡಿ ಬಾಯಿ ಮುಚ್ಚಿಸುತ್ತಿದ್ದರು.

ಆದರೆ ಗುರಾಣಿ ಇರುವುದು ಸದನದ ಮಾತಿಗೆ, ಮನುಷ್ಯನಿಗಲ್ಲ. ಅದೇ ಸಂಸದ ಬೀದಿಯ ಸಭೆಯಲ್ಲಿ ಅದೇ ಮಾತಾಡಿದರೆ ನಮ್ಮ ನಿಮ್ಮಂತೆಯೇ ಕೋರ್ಟಿನ ಮೆಟ್ಟಿಲು ಹತ್ತಬೇಕಾದೀತು. ಇದನ್ನು ಮರೆತರೆ ಏನಾಗುತ್ತದೆ ಅನ್ನೋದನ್ನು 1998ರಲ್ಲಿ ಕಂಡೆವು. 1993ರ ಅವಿಶ್ವಾಸ ನಿರ್ಣಯದಲ್ಲಿ ಲಂಚ ಪಡೆದು ಮತ ಹಾಕಿದ ಆರೋಪ ಹೊತ್ತ ಸಂಸದರ ಮೇಲೆ ಮೊಕದ್ದಮೆ ನಡೆಯುವಂತಿಲ್ಲ ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರಲ್ಲಿ ಮೂವರು ಹೇಳಿದರು. ಲಂಚ ಕೊಟ್ಟವನಿಗೆ ರಕ್ಷಣೆಯಿಲ್ಲ, ತಿಂದು ಮತ ಹಾಕಿದವನು ಪಾರು! ಈ ತಪ್ಪನ್ನು ಏಳು ನ್ಯಾಯಾಧೀಶರ ಪೀಠ ತಿದ್ದಿದ್ದು 2024ರ ಮಾರ್ಚ್ 4ರಂದು. ಇಪ್ಪತ್ತಾರು ವರ್ಷ ಹಿಡಿಯಿತು.

ಊರ ಬಾವಿಕಟ್ಟೆಯ ಮೇಲೆ ನಿಂತು ಅಸ್ಪೃಶ್ಯತೆಯ ವಿರುದ್ಧ ಮಾತಾಡುವ ನಮ್ಮ ಹುಡುಗನಿಗೆ 105ನೇ ವಿಧಿಯ ಗುರಾಣಿಯಿಲ್ಲ. ಆದರೂ ಅವನು ಬರಿಗೈಯವನಲ್ಲ. ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಗೆ 1976ರಲ್ಲಿ ಆದ ತಿದ್ದುಪಡಿಯಂತೆ, ಧರ್ಮದ ಹೆಸರಲ್ಲಿ ಅಸ್ಪೃಶ್ಯತೆಯನ್ನು ಸಮರ್ಥಿಸುವವನು ಅದಕ್ಕೆ ಕುಮ್ಮಕ್ಕು ಕೊಟ್ಟ ಅಪರಾಧಿ. ಹಾಗಾಗಿ ನಮ್ಮನ್ನು ಕೋರ್ಟಿಗೆ ಎಳೆಯೋರು ಯಾರು ಅಂತ ಹೆದರಿದ್ದು ಸಾಕು. ಅಂಥವರ ಮೇಲೆ ದೂರು ಕೊಡೋರು ಯಾರು ಅಂತ ನಮ್ಮನ್ನು ನಾವೇ ಕೇಳಿಕೊಳ್ಳೋಣ.